ಚಾಂಪಿಯನ್ ಕೆಳಗಿನ ಸ್ಟೇಷನ್ನು

ನಾನು ಸುಳ್ಳು ಹೇಳುವವನಲ್ಲ. ಆದರೆ ಬೇರೆಯವರು ತಮ್ಮಷ್ಟಕ್ಕೆ ತಾವು ತಪ್ಪು ತಿಳಿದುಕೊಳ್ಳುತ್ತಿರುವಾಗ ಅಡ್ಡ ಬರುವವನೂ ಅಲ್ಲ. ಇದು ಗುಣವೋ ದೋಷವೋ ಎಂದು ನಾನು ಸಾಕಷ್ಟು ಯೋಚಿಸಿದ್ದೇನೆ. ಶಾಲೆಯಲ್ಲಿ ಮೇಷ್ಟ್ರು ಪಕ್ಕದವನು ಬಿಡಿಸಿದ ಲೆಕ್ಕವನ್ನು ನನ್ನದೆಂದುಕೊಂಡು ಬೆನ್ನು ತಟ್ಟಿದರು, ತಟ್ಟಿಸಿಕೊಂಡೆ. ಒಮ್ಮೆ ಬೇತಮಂಗಲದ ಬಸ್ಸಿನಲ್ಲಿ ಒಬ್ಬ ಮುದುಕಿ ನನ್ನನ್ನು ತನ್ನ ತಂಗಿಯ ಮಗನೆಂದು ತಿಳಿದು, ಹೆತ್ತವಳನ್ನು ನೋಡಲು ಬರುವುದಿಲ್ಲವೆಂದು ಎರಡು ಮೈಲಿ ದೂರ ಬೈದಳು, ಬೈಸಿಕೊಂಡೆ. ಇಳಿಯುವಾಗ ಅವಳಿಗೆ ಮನಸ್ಸು ಕರಗಿ ಮಡಿಲಿನಿಂದ ನಾಲ್ಕು ಸೀಬೆಹಣ್ಣು ತೆಗೆದು ಕೊಟ್ಟಳು, ಅದನ್ನೂ ತಿಂದೆ. ಆ ತಂಗಿಯ ಮಗ ಯಾರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹಣ್ಣು ಚೆನ್ನಾಗಿತ್ತು.

ಇದೇ ಸ್ವಭಾವದಿಂದ ನನಗೆ ಹೆಂಡತಿ ಸಿಕ್ಕಿದಳು. ಸಿಕ್ಕಿದ ಒಂದೂವರೆ ತಿಂಗಳಿಗೆ ಇದೇ ಸ್ವಭಾವದಿಂದ ಕೈ ತಪ್ಪಿ ಹೋಗುವುದರಲ್ಲಿದ್ದಳು. ಅದನ್ನು ಹೇಳಬೇಕಾದರೆ ಮೊದಲು ನನ್ನ ಉದ್ಯೋಗವೇನೆಂದು ಹೇಳಬೇಕು, ಮತ್ತು ನನ್ನ ಕಷ್ಟವೆಲ್ಲ ಇದ್ದದ್ದು ಅಲ್ಲಿಯೇ. ಗಾರೆ ಕೆಲಸದವನು ಗೋಡೆಯನ್ನು ತೋರಿಸಿ ನಾನು ಕಟ್ಟಿದ್ದು ಎನ್ನಬಹುದು. ಕುರಿ ಕಾಯುವವನಿಗೆ ತೋರಿಸಲು ಕುರಿಯಿರುತ್ತದೆ. ನನ್ನ ಕೆಲಸದ ಜಾಗ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ, ಭೂಮಿಯೊಳಗೆ ಸಾವಿರಾರು ಅಡಿ ಕೆಳಗಿತ್ತು. ಅದನ್ನು ನಮ್ಮ ಕಡೆಯವರು ಯಾರೂ ನೋಡಿದವರಲ್ಲ, ನೋಡುವ ಆಸೆಯನ್ನೂ ಇಟ್ಟುಕೊಂಡವರಲ್ಲ. ನಾನು ಬೆಳಿಗ್ಗೆ ಒಂದು ತೂತಿನಲ್ಲಿ ಇಳಿದು ಮಧ್ಯಾಹ್ನ ಅದೇ ತೂತಿನಿಂದ ಮೇಲೆ ಬರುತ್ತೇನೆ ಎನ್ನುವುದಷ್ಟೇ ಅವರಿಗೆ ಗೊತ್ತಿದ್ದದ್ದು. ನಡುವೆ ಏನು ಮಾಡುತ್ತೇನೆ ಎಂದು ಕೇಳುವುದು ಅವರಿಗೆ ಅಷ್ಟು ಮರ್ಯಾದೆಯಾಗಿ ಕಾಣುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಅದೊಂದು ಸ್ಟೇಷನ್ನು. ನಾನು ಕಟ್ಟಿದ ಹೆಸರಲ್ಲ, ಗಣಿಯವರೇ ಹಾಗೆ ಕರೆಯುತ್ತಿದ್ದದ್ದು. ಕೇಜು ಎಂಬ ಕಬ್ಬಿಣದ ಪಂಜರದಲ್ಲಿ ಜನರನ್ನು ತುಂಬಿ, ಹಗ್ಗ ಬಿಟ್ಟು ಬಾವಿಯೊಳಗೆ ಬಿಂದಿಗೆ ಇಳಿಸಿದ ಹಾಗೆ ಇಳಿಸುತ್ತಾರೆ. ಅದು ನಿಲ್ಲುವ ಒಂದೊಂದು ಅಂತಸ್ತಿಗೂ ಒಂದೊಂದು ಸ್ಟೇಷನ್ನು. ನಮ್ಮದು ಆ ಅಂತಸ್ತುಗಳಲ್ಲೆಲ್ಲ ದೊಡ್ಡದು. ಮೂರು ಸುರಂಗಗಳಿಂದ ಮೂರು ರೈಲು ಹಳಿಗಳು ಬಂದು ಅಲ್ಲಿ ಕೂಡುತ್ತಿದ್ದವು. ಸುಣ್ಣ ಬಳಿದ ಗೋಡೆ, ಸಾಲಾಗಿ ವಿದ್ಯುದ್ದೀಪ, ಒಂದು ಬೆಂಚು, ಒಂದು ಟೆಲಿಫೋನು, ಮುನೇಶ್ವರನ ಒಂದು ಪಟ. ಕಲ್ಲು ತುಂಬಿದ ಕಬ್ಬಿಣದ ತೊಟ್ಟಿಗಳು ಗಡಗಡ ಎನ್ನುತ್ತಾ ಒಂದರ ಹಿಂದೆ ಒಂದು ಬರುತ್ತಿದ್ದವು. ಯಾವ ತೊಟ್ಟಿ ಮೊದಲು ಮೇಲೆ ಹೋಗಬೇಕು, ಯಾವುದು ಕಾಯಬೇಕು, ಯಾವ ಸುರಂಗಕ್ಕೆ ಖಾಲಿ ತೊಟ್ಟಿ ಬೇಕು ಎಂದು ನೋಡಿಕೊಳ್ಳುವ ಗುಮಾಸ್ತ ನಾನು. ನನ್ನ ಜೊತೆಗೆ ಪೆರುಮಾಳ್. ಗಂಟೆ ಬಾರಿಸಿ ಕೇಜನ್ನು ಮೇಲೆ ಕೆಳಗೆ ಮಾಡಿಸುವುದು ಅವನ ಕೆಲಸ. ಅವನು ತಮಿಳಿನಲ್ಲಿ ಶುರು ಮಾಡಿ ತೆಲುಗಿನಲ್ಲಿ ದಾರಿ ತಪ್ಪಿ ಕನ್ನಡದಲ್ಲಿ ಮಾತು ಮುಗಿಸುತ್ತಿದ್ದ. ಅವನ ಗಂಟೆ ಮಾತ್ರ ಯಾವತ್ತೂ ತಪ್ಪಿದ್ದಿಲ್ಲ.

ಅದು ಐವತ್ತರ ದಶಕ. ನನಗೆ ಹೆಣ್ಣು ನೋಡುತ್ತಿದ್ದರು. ಗಣಿಯಲ್ಲಿ ಕೆಲಸ ಎಂದ ಕೂಡಲೇ ಹೆಣ್ಣಿನ ಕಡೆಯವರು ಕಾಫಿ ಲೋಟವನ್ನು ನಿಧಾನವಾಗಿ ಕೆಳಗಿಡುತ್ತಿದ್ದರು. ಆಮೇಲೆ ಜಾತಕ ಕೂಡಿ ಬರುತ್ತಿರಲಿಲ್ಲ. ಹೀಗೆ ನಾಲ್ಕು ಕಡೆ ಜಾತಕ ಕೂಡಿ ಬರದೆ ಹೋದಾಗ ನಮ್ಮ ದೊಡ್ಡಪ್ಪ ಬಂಗಾರಪೇಟೆಯಲ್ಲಿ ಒಂದು ಸಂಬಂಧ ತಂದರು. ಹುಡುಗಿಯ ತಂದೆ ಮುನಿಶಾಮಪ್ಪನವರು ಅಲ್ಲಿನ ರೈಲ್ವೆ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ಪಾಯಿಂಟು ಎಂದರೆ ಹಳಿ ಕವಲೊಡೆಯುವ ಜಾಗ; ಅಲ್ಲಿ ಬರುವ ಗಾಡಿ ಯಾವ ಕವಲಿಗೆ ಹೋಗಬೇಕೋ ಆ ಕಡೆಗೆ ಹಳಿಯ ನಾಲಿಗೆಯನ್ನು ತಿರುಗಿಸಿ ಕೂರಿಸುವ ಕೆಲಸ. ಮದ್ರಾಸಿನ ಗಾಡಿ, ಬೆಂಗಳೂರಿನ ಗಾಡಿ, ಕೋಲಾರಕ್ಕೆ ಹೋಗುವ ಪುಟ್ಟ ಗಾಡಿ, ನಮ್ಮ ಗಣಿ ಕಡೆಯ ಗಾಡಿ, ಎಲ್ಲವೂ ತಮ್ಮ ಕೈ ಅಲುಗಿದ ಕಡೆಗೇ ಹೋಗುತ್ತವೆ ಎನ್ನುವುದು ಅವರ ನಡಿಗೆಯಲ್ಲೇ ಕಾಣುತ್ತಿತ್ತು.

ಹೆಣ್ಣು ನೋಡುವ ದಿನ ಮುನಿಶಾಮಪ್ಪನವರು ಕೇಳಿದರು. "ಉಡುಗ್ರು ಏನು ಕೆಲ್ಸ ಮಾಡ್ತಾರೆ?"

ದೊಡ್ಡಪ್ಪ ಅನುಭವಸ್ಥರು. ಗಣಿ ಎಂಬ ಮಾತು ಬಾಯಿಗೆ ಬರದಂತೆ ನೋಡಿಕೊಂಡು, "ಸ್ಟೇಷನ್ನಾಗೆ ಗುಮಾಸ್ತೆ" ಎಂದರು.

ಮುನಿಶಾಮಪ್ಪನವರು ನೆಟ್ಟಗೆ ಕೂತರು. "ನಮ್ಮೋರೇ ಆಯ್ತು. ಯಾವ ಸ್ಟೇಷನ್ನು?"

"ಚಾಂಪಿಯನ್ ಕೆಳಗೆ" ಎಂದರು ದೊಡ್ಡಪ್ಪ. ಇದಕ್ಕಿಂತ ನಿಜವಾದ ಮಾತನ್ನು ಅವರು ಅದಕ್ಕೆ ಮೊದಲೂ ಆಡಿರಲಿಲ್ಲ, ಆಮೇಲೂ ಆಡಲಿಲ್ಲ.

ಆದರೆ ರೈಲಿನವರ ಲೆಕ್ಕದಲ್ಲಿ ಚಾಂಪಿಯನ್ ಕೆಳಗೆ ಎಂದರೆ ಚಾಂಪಿಯನ್ ಎಂಬ ರೈಲು ನಿಲ್ದಾಣ ದಾಟಿದ ಮೇಲಿನ ಸ್ಟೇಷನ್ನು, ಅಂದರೆ ಮಾರಿಕುಪ್ಪ. ಅಲ್ಲಿಗೆ ಹಳಿ ಮುಗಿಯುತ್ತದೆ. ಆ ತಿಂಗಳೇ ಮಾರಿಕುಪ್ಪಕ್ಕೆ ಹೊಸ ಗುಮಾಸ್ತರೊಬ್ಬರು ವರ್ಗವಾಗಿ ಬಂದಿದ್ದಾರೆಂಬ ಸುದ್ದಿ ಮುನಿಶಾಮಪ್ಪನವರ ಕಿವಿಗೂ ಬಿದ್ದಿತ್ತು. "ಓ, ಒಸದಾಗಿ ಬಂದೋರು ನೀವೇನಾ?" ಎಂದು ನನ್ನನ್ನು ಕೇಳಿದರು. ನಾನೂ ಆ ವರ್ಷವೇ ಇನ್ನೊಂದು ಅಂತಸ್ತಿನಿಂದ ಈ ಸ್ಟೇಷನ್ನಿಗೆ ಬಂದವನು. ಹಾಗಾಗಿ ಹೌದು ಎಂದೆ. ಅವರು ತಪ್ಪು ತಿಳಿದಿದ್ದಾರೆಂದು ನನಗೆ ಅರ್ಥವಾಗುವ ಹೊತ್ತಿಗೆ ಹುಡುಗಿ ಕಾಫಿ ತಂದಿದ್ದಳು. ಲೋಟ ಕೊಡುವಾಗ ಒಂದು ಸಲ ತಲೆಯೆತ್ತಿ ನೋಡಿದಳು. ಆಮೇಲೆ ನಾನು ಏನನ್ನಾದರೂ ತಿದ್ದುತ್ತೇನೆಂದು ನೀವು ನಿರೀಕ್ಷಿಸಬಾರದು. ಸಾವಿರಾರು ಅಡಿ ಕೆಳಗೆ ಮುನೇಶ್ವರನ ಪಟದ ಎದುರು ಕೂತು ದಿನ ಕಳೆಯುವವನ ಕಡೆಗೆ ಹಾಗೆ ತಲೆಯೆತ್ತಿ ನೋಡುವವರು ಬಹಳ ಮಂದಿ ಇರುವುದಿಲ್ಲ.

ಮದುವೆ ಬಂಗಾರಪೇಟೆಯಲ್ಲೇ ಆಯಿತು. ಜಾತಕ ಕೇಳಿದವರೇ ಇಲ್ಲ. ಒಡನೆಯೇ ಆಷಾಢ ಬಂದಿತ್ತು. ಹುಡುಗಿ ತವರಿನಲ್ಲೇ ಇದ್ದು, ಶ್ರಾವಣದಲ್ಲಿ ಒಳ್ಳೆಯ ದಿನ ನೋಡಿ ಕಳಿಸುವುದು ಎಂದು ಮಾತಾಯಿತು. ನಾನು ಚಾಂಪಿಯನ್ ರೀಫ್ಸಿನ ನನ್ನ ಎರಡು ಕೋಣೆಯ ಮನೆಗೆ ಸುಣ್ಣ ಬಳಿಸಿ, ಹೊಸ ಬಿಂದಿಗೆ ತಂದಿಟ್ಟು, ನಿಜ ಹೇಳುವುದಕ್ಕೆ ಒಂದು ಒಳ್ಳೆಯ ದಿನವನ್ನು ನಾನೂ ನೋಡುತ್ತಿದ್ದೆ. ಪಂಚಾಂಗದಲ್ಲಿ ಅಂಥ ದಿನ ಬೇಗ ಸಿಕ್ಕುವುದಿಲ್ಲ.

ಅಷ್ಟರಲ್ಲಿ ಮಾವನವರಿಗೆ ಒಂದು ದಿನ ರಜೆ ಸಿಕ್ಕಿತು. ಅತ್ತೆ ಚಕ್ಕುಲಿ ಮಾಡಿ ಕಟ್ಟಿಕೊಟ್ಟರು. ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಅವರು ಅಳಿಯನನ್ನು ನೋಡಲು ಮಾರಿಕುಪ್ಪಕ್ಕೆ ಹೋದರು. ಹೊಸ ಗುಮಾಸ್ತರನ್ನು ಕರೆಯಿರಿ ಎಂದರು. ಒಳಗಿನಿಂದ ಐವತ್ತು ದಾಟಿದ, ತಲೆ ಬೋಳಾದ, ಕನ್ನಡಕ ಹಾಕಿಕೊಂಡ ಒಬ್ಬರು ಬಂದರು. ಮಾವ ಅವರನ್ನು ಮೇಲಿಂದ ಕೆಳಗೆ ನೋಡಿ, "ನೀವು ನಮ್ಮ ಅಳಿಯ ಅಲ್ಲ" ಎಂದರಂತೆ. "ಅಲ್ಲ ಅಂತಲೇ ನಾನೂ ಅಂದ್ಕೊಂಡಿದೀನಿ" ಎಂದರಂತೆ ಅವರು. ಇಬ್ಬರೂ ರೈಲ್ವೆಯವರಾದ್ದರಿಂದ ಜಗಳವಾಗಲಿಲ್ಲ. ತಂದದ್ದನ್ನು ವಾಪಸು ಒಯ್ಯಬಾರದೆಂದು ಬಾಳೆಹಣ್ಣನ್ನೂ ಚಕ್ಕುಲಿಯನ್ನೂ ಆ ಗುಮಾಸ್ತರಿಗೇ ಕೊಟ್ಟು, ಮುಂದಿನ ಗಾಡಿಗೆ ಮಾವ ಬಂಗಾರಪೇಟೆಗೆ ಹೋದರು.

ಮೂರನೆಯ ದಿನ ನನಗೊಂದು ಕಾರ್ಡು ಬಂತು. ಅದರಲ್ಲಿ ಕ್ಷೇಮ ಸಮಾಚಾರ ಇರಲಿಲ್ಲ. ಎರಡೇ ಮಾತು: "ಯಾವ ಸ್ಟೇಷನ್ನು?"

ಭಾನುವಾರ ಹೋದೆ. ಮಾವ ಜಂಕ್ಷನ್ನಿನ ತುದಿಯಲ್ಲಿ, ತಮ್ಮ ಪಾಯಿಂಟುಗಳ ಹತ್ತಿರದ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಕೂತ್ಕೋ ಎನ್ನಲಿಲ್ಲ. ಹಾಗಾಗಿ ನಿಂತೇ ಇದ್ದೆ. ಎಲ್ಲ ಹೇಳಿದೆ. ಹೇಳುವುದಕ್ಕೆ ಬಹಳ ಇರಲಿಲ್ಲ. "ಚಾಂಪಿಯನ್ ಕೆಳಗೇ ಮಾವ. ವಸಿ ಜಾಸ್ತಿ ಕೆಳಗೆ" ಎಂದೆ.

ಅವರು ಬಾಯಲ್ಲಿದ್ದ ಎಲೆಯನ್ನು ಅಗಿಯುವುದು ನಿಲ್ಲಿಸಿದರು. "ಭೂಮಿ ಒಳಗೆ ಸ್ಟೇಷನ್ನಾ?"

"ಊಂ."

"ರೈಲು ಕಂಬಿ ಐತಾ?"

"ಐತೆ. ಮೂರು ಕಡೆಯಿಂದ ಬಂದು ಸೇರ್ತದೆ."

"ಪಾಯಿಂಟು?"

"ಐದು."

ಐದು ಎಂದಾಗ ಅವರ ಹುಬ್ಬು ಒಂದಿಷ್ಟು ಮೇಲೆ ಹೋದದ್ದನ್ನು ನಾನು ಕಂಡೆ. ಆದರೆ ಬಿಡಲಿಲ್ಲ. "ಎಂಜಿನ್ನು?"

"ಬ್ಯಾಟ್ರಿದು ಒಂದೈತೆ. ಮಿಕ್ಕಿದ್ದು ಆಳುಗಳು ನೂಕ್ತಾರೆ."

"ಬಾವುಟ? ಸಿಗ್ನಲ್ಲು? ಟಿಕೀಟು?"

"ಅದ್ಯಾವ್ದೂ ಇಲ್ಲ."

"ಟಿಕೀಟಿಲ್ದೆ ಎಂಗಯ್ಯಾ ಸ್ಟೇಷನ್ನಾಗ್ತದೆ?" ಎಂದರು ಮಾವ. ಅವರು ಎದ್ದು ನಿಂತು ಕೈ ಒರೆಸಿಕೊಂಡರು. "ನೋಡಿ ಅಳಿಯಂದ್ರೇ, ಒಂದ್ಸಲ ಮಾರಿಕುಪ್ಪಕ್ಕೆ ಓಗಿ ಬಂದಿದೀನಿ. ಇನ್ನ ನಾನು ಮಾತ್ನ ನಂಬಾಕಿಲ್ಲ. ಆ ಸ್ಟೇಷನ್ನ ಕಣ್ಣಾರೆ ನೋಡ್ಬೇಕು. ನೋಡೋಗಂಟ ಉಡುಗೀನ ಕಳ್ಸಾಕಿಲ್ಲ."

ಹೊರಡುವ ಮೊದಲು ಮನೆಗೆ ಹೋದೆ. ಅತ್ತೆ ಮುಖ ತಿರುಗಿಸಿಕೊಂಡು ಉಪ್ಪಿಟ್ಟು ಕೊಟ್ಟರು. ಮುಖ ತಿರುಗಿಸಿಕೊಂಡಿದ್ದರೂ ಉಪ್ಪಿಟ್ಟಿಗೆ ತುಪ್ಪ ಹಾಕಿದ್ದರು. ನನಗೆ ಅಷ್ಟು ಧೈರ್ಯ ಸಾಕಾಯಿತು. ನನ್ನ ಹೆಂಡತಿ ಲಕ್ಷ್ಮೀದೇವಿ ಬಾಗಿಲ ಹಿಂದೆ ನಿಂತಿದ್ದಳು. ಮದುವೆಯಾದ ಮೇಲೆ ನಾವಿಬ್ಬರೂ ಮಾತಾಡಿರಲಿಲ್ಲ. ಈಗ ಬೈಯುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಒಂದೇ ಮಾತು. "ಅಲ್ಲಿ ಬೆಳಕಿರ್ತದಾ?"

"ಲೈಟಿರ್ತದೆ" ಎಂದೆ.

"ಊಂ" ಎಂದಳು. ವಾಪಸು ಬರುವಾಗ ಗಾಡಿಯಲ್ಲಿ ಇದಕ್ಕಿಂತ ಒಳ್ಳೆಯ ಉತ್ತರಗಳು ಎಂಟೋ ಹತ್ತೋ ಹೊಳೆದವು.

ಹೊರಗಿನವರನ್ನು ಒಳಗೆ ಕರೆದುಕೊಂಡು ಹೋಗಬೇಕಾದರೆ ಕ್ಯಾಪ್ಟನ್ನರ ಅಪ್ಪಣೆ ಬೇಕು. ನಮ್ಮ ಗಣಿಯಲ್ಲಿ ಹಡಗೂ ಇಲ್ಲ, ನೂರು ಮೈಲಿ ಹುಡುಕಿದರೂ ಅಲೆ ಕಾಣುವ ಸಮುದ್ರವೂ ಇಲ್ಲ. ಆದರೂ ಒಳಗಿನ ಮೇಲಧಿಕಾರಿಗೆ ಕ್ಯಾಪ್ಟನ್ ಎಂದೇ ಹೆಸರು. ನಮ್ಮ ಕ್ಯಾಪ್ಟನ್ ಕೆಂಪು ಮುಖದ, ಕಡಿಮೆ ಮಾತಿನ ದೊರೆ. ನನ್ನ ಮಾವ ಸ್ಟೇಷನ್ನನ್ನು ನೋಡುವವರೆಗೆ ನನ್ನ ಹೆಂಡತಿಯನ್ನು ಕಳಿಸುವುದಿಲ್ಲವೆಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಒಂದು ಚೀಟಿ ತೆಗೆದುಕೊಂಡು, ಒಬ್ಬ ಮಾವ, ಒಂದು ದಿನ, ಎಂದು ಬರೆದು ರುಜು ಹಾಕಿದರು. ಅವರಿಗೂ ಮಾವ ಇದ್ದಿರಬೇಕು.

ಗೊತ್ತಾದ ದಿನ ಮಾವ ಮೊದಲ ಗಾಡಿಗೇ ಬಂದರು. ರೈಲ್ವೆಯ ನೀಲಿ ಕೋಟು, ಬಿಳಿ ಪೇಟ, ಕೋಟಿನ ಜೇಬಿನಲ್ಲಿ ಸರಪಳಿಯ ಗಡಿಯಾರ. ಗಣಿಯ ಗಟ್ಟಿ ಟೋಪಿ ಹಾಕಿಕೊಳ್ಳಬೇಕು, ಪೇಟ ತೆಗೆಯಿರಿ ಎಂದರೆ ಒಪ್ಪಲಿಲ್ಲ. ಕೊನೆಗೆ ಪೇಟದ ಮೇಲೆ ಟೋಪಿ ಇಟ್ಟು, ಗದ್ದದ ಕೆಳಗೆ ಪಟ್ಟಿ ಬಿಗಿದು ಕರೆದುಕೊಂಡು ಹೋದೆ. ಕೇಜಿನಲ್ಲಿ ನಾವು ಇಪ್ಪತ್ತು ಮೂವತ್ತು ಜನ ಒತ್ತಾಗಿ ನಿಂತೆವು. ಬಾಗಿಲು ಹಾಕಿದರು, ಗಂಟೆ ಹೊಡೆಯಿತು, ನೆಲ ಕಾಲಡಿಯಿಂದ ಬಿಟ್ಟು ಹೋಯಿತು. ಮೊದಲ ಸಲ ಇಳಿದಾಗ ನಾನು ಅಮ್ಮಾ ಎಂದಿದ್ದೆ. ಕತ್ತಲಲ್ಲಿ ಮಾವನ ಕೈ ನನ್ನ ತೋಳನ್ನು ಹುಡುಕಿಕೊಂಡು ಬಂದು ಹಿಡಿದುಕೊಂಡಿತು. ಪಾಯಿಂಟು ತಿರುಗಿಸುವ ಕೈಯಾದ್ದರಿಂದ ಆ ಹಿಡಿತದ ಗುರುತು ನಾಲ್ಕು ದಿನ ಉಳಿದಿತ್ತು. ಕೆಳಗೆ ನಿಂತ ಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ ಗಡಿಯಾರ ತೆಗೆದು ನೋಡಿದ್ದು. "ನಾಕು ನಿಮಿಷ" ಎಂದರು. ದನಿ ಮಾತ್ರ ಇನ್ನೂ ಮೇಲೆಯೇ ಇತ್ತು.

ಸ್ಟೇಷನ್ನನ್ನು ನೋಡಿದ ಕೂಡಲೇ ಅವರಿಗೆ ಜೀವ ಬಂತು. ಹಳಿ ಕಂಡರೆ ಅವರಿಗೆ ಊರಿಗೆ ಬಂದ ಹಾಗೆ. ಬೆಂಚನ್ನು ಮುಟ್ಟಿ ನೋಡಿದರು, ಟೆಲಿಫೋನನ್ನು ಮುಟ್ಟಿ ನೋಡಿದರು, ಮುನೇಶ್ವರನಿಗೆ ಕೈ ಮುಗಿದರು. ಪೆರುಮಾಳ್ ತನ್ನ ಗಂಟೆಗಳನ್ನು ವಿವರಿಸಿದ: "ಒರು ಗಂಟೆ ಒಡೆದ್ರೆ ನಿಲ್ಲು ಮಾಮಾ, ರೆಂಡು ಗಂಟ್ಲು ಒಡೆದ್ರೆ ಇಳ್ಸು." ಮಾವ ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಒಂದೊಂದೇ ಪಾಯಿಂಟನ್ನು ಪರೀಕ್ಷೆ ಮಾಡುತ್ತಾ ನಡೆದರು. ನಾನು ಪರೀಕ್ಷೆ ಬರೆದ ಹುಡುಗನ ಹಾಗೆ ಹಿಂದೆ ಹೋದೆ. ಮೂರನೆಯ ಪಾಯಿಂಟಿನ ಹತ್ತಿರ ನಿಂತರು.

"ಇಲ್ಲಿ ಗಾಡಿ ಬೀಳ್ತದಾ?"

ಬೀಳುತ್ತಿತ್ತು. ದಿನಕ್ಕೆ ಎರಡು ಸಲವಾದರೂ ಆ ಜಾಗದಲ್ಲಿ ತುಂಬಿದ ತೊಟ್ಟಿಯ ಚಕ್ರ ಹಳಿ ಬಿಟ್ಟು ಇಳಿಯುತ್ತಿತ್ತು. ಎಂಟು ಜನ ಸೇರಿ ಸನ್ನೆಕೋಲು ಹಾಕಿ ಎತ್ತಬೇಕು. ಅಷ್ಟರಲ್ಲಿ ಹಿಂದಿನ ಸಾಲೆಲ್ಲ ನಿಂತು, ಮೇಲಿನಿಂದ ಟೆಲಿಫೋನಿನಲ್ಲಿ ಬೈಗುಳ ಇಳಿದು ಬರುತ್ತಿತ್ತು. ಬೈಗುಳಕ್ಕೆ ಕೇಜು ಬೇಕಾಗಿಲ್ಲ. ಇದು ಕಲ್ಲಿನ ಭಾರದಿಂದ ಆಗುತ್ತದೆಂದು ನಾನು ಎರಡು ಸಲ ಬರೆದು ಕೊಟ್ಟಿದ್ದೆ, ಮಾವನಿಗೂ ಅದನ್ನೇ ಹೇಳಿದೆ.

"ಭಾರ ಅಲ್ಲ, ಮಣ್ಣೂ ಅಲ್ಲ" ಎಂದರು ಮಾವ. "ನಾಲ್ಗೆ ಕೂತಿಲ್ಲ. ಬೆರಳಷ್ಟು ಸಂದು ಐತೆ. ನಿಂಗೆ ಕಾಣಾಕಿಲ್ವಾ?"

ನನಗೆ ಕಂಡಿರಲಿಲ್ಲ. ಅವರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಊಟದ ಹೊತ್ತಾಗಿ ತೊಟ್ಟಿಗಳು ನಿಂತಿದ್ದರಿಂದ, ಹಳಿಯ ನಡುವೆ ಅಂಗಾತ ಮಲಗಿದರು. ಒಂದು ಕಬ್ಬಿಣದ ಕಡ್ಡಿಯಿಂದ ನಾಲಿಗೆಯ ಕೆಳಗಿನ ಕಲ್ಲಿನ ಪುಡಿಯನ್ನೆಲ್ಲ ಕೆರೆದು ತೆಗೆಯತೊಡಗಿದರು. ನಾನು ಕೋಟನ್ನು ಬೆಂಚಿನ ಮೇಲೆ ಇಟ್ಟು ನನ್ನ ಮೇಜಿನ ಹತ್ತಿರ ಬಂದೆ. ಈ ಸಂಬಂಧ ಉಳಿಯಿತು ಎಂದು ನನಗೆ ಅನ್ನಿಸಿದ್ದು ಆಗಲೇ.

ಆಗ ಭೂಮಿ ಅದುರಿತು.

ನಮ್ಮ ಕಡೆ ಇದನ್ನು ಏರ್ ಬ್ಲಾಸ್ಟು ಎನ್ನುತ್ತಾರೆ. ಅಷ್ಟು ಆಳದಲ್ಲಿ ಬಂಡೆಯ ಮೇಲೆ ಇಡೀ ಬೆಟ್ಟದ ಭಾರ ಕೂತಿರುತ್ತದೆ. ಒಂದೊಂದು ಸಲ ಅದು ತಾಳಲಾರದೆ ಸಿಡಿಯುತ್ತದೆ. ಮೇಲೆ ಊರಿನಲ್ಲಿ ಅಟ್ಟದ ಪಾತ್ರೆ ಗಲಗಲ ಎನ್ನುತ್ತದೆ, ಒಲೆಯ ಮುಂದಿನ ಹೆಂಗಸರು ಒಂದು ಕ್ಷಣ ಕೈ ನಿಲ್ಲಿಸಿ ಆಮೇಲೆ ಮತ್ತೆ ರಾಗಿ ಮುದ್ದೆ ತಿರುವುತ್ತಾರೆ. ಕೆಳಗಿದ್ದವರಿಗೆ ಹಾಗಲ್ಲ. ಮೊದಲು ಎದೆಗೆ ಗುದ್ದಿದ ಹಾಗಾಗುತ್ತದೆ, ಸದ್ದು ಆಮೇಲೆ ಬರುತ್ತದೆ. ಸುರಂಗದಿಂದ ಗಾಳಿ ನುಗ್ಗಿ ಬಂತು. ದೀಪಗಳೆಲ್ಲ ಒಟ್ಟಿಗೆ ಹೋದವು. ಮೇಲಿಂದ ಸಣ್ಣ ಕಲ್ಲು ಉದುರುವ ಸದ್ದು. ಆಮೇಲೆ ಸದ್ದೇ ಇಲ್ಲ.

"ಮಾವ" ಎಂದು ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಬಂಗಾರಪೇಟೆಯ ಮನೆಯ ಬಾಗಿಲ ಹಿಂದೆ ಒಬ್ಬಳು ಬೆಳಕಿರ್ತದಾ ಎಂದು ಕೇಳಿದ್ದಳು, ಇರುತ್ತದೆ ಎಂದು ನಾನು ಹೇಳಿ ಬಂದಿದ್ದೆ.

ಮೂರನೆಯ ಸಲ ಕೂಗಿದ ಮೇಲೆ ಹಳಿಯ ಕಡೆಯಿಂದ ಮೆಲ್ಲಗೆ ಒಂದು ಮಾತು ಬಂತು. "ಯಾವ ಗಾಡಿ ಅದು ಓಗಿದ್ದು?"

ಅವರು ತಮ್ಮ ಮೇಲೆ ಎಕ್ಸ್‌ಪ್ರೆಸ್ಸು ಹಾದು ಹೋಯಿತೆಂದುಕೊಂಡು, ರೈಲ್ವೆಯಲ್ಲಿ ಕಲಿಸಿದ ಹಾಗೆ ಕೈ ಕಾಲು ಅಲುಗಿಸದೆ ನೆಲಕ್ಕೆ ಅಂಟಿಕೊಂಡು ಮಲಗಿದ್ದರು. ಅದೇ ಅವರನ್ನು ಉಳಿಸಿತೋ ಏನೋ. ಅವರ ಟೋಪಿಯ ಮೇಲೆ ಮುಷ್ಟಿಗಾತ್ರದ ಒಂದು ಕಲ್ಲು ಬಿದ್ದು ಒಂದು ಕುಳಿ ಮಾಡಿತ್ತು. ಪೆರುಮಾಳ್ ತಲೆದೀಪ ಹೊತ್ತಿಸಿಕೊಂಡು ಬಂದ. ಅವನ ಬೆಳಕಿನಲ್ಲಿ ಮೊದಲು ಮಾವ ಕಂಡರು, ಹಳಿಯ ಮಧ್ಯೆ ಎದ್ದು ಕೂತಿದ್ದವರು. ಆಮೇಲೆ ನಾನು ಕಂಡೆ, ಮೇಜಿನ ಕೆಳಗೆ. ಟೆಲಿಫೋನು ಕೆಳಗೆ ಬಿದ್ದಿರಬಹುದೆಂದು ಹುಡುಕುತ್ತಿದ್ದೆ ಎಂದೆ. ಟೆಲಿಫೋನು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದು.

ಬ್ಲಾಸ್ಟು ಆದದ್ದು ಬೇರೆ ಅಂತಸ್ತಿನಲ್ಲಿ, ಆ ಹೊತ್ತಿಗೆ ಅಲ್ಲಿ ಆಳು ಇರಲಿಲ್ಲವೆಂದು ಸ್ವಲ್ಪ ಹೊತ್ತಿಗೆ ಫೋನು ಬಂತು. ದೀಪಗಳು ಬಂದವು. ಕೇಜು ಬರುವ ತನಕ ಕಾಯಬೇಕಿತ್ತು. ಮಾವ ಮತ್ತೆ ಬಗ್ಗಿ, ಬಿಟ್ಟ ಕೆಲಸವನ್ನು ಮುಗಿಸಿದರು. ನಾಲಿಗೆಯ ಪಕ್ಕ ಒಂದು ಮರದ ಬೆಣೆ ಹೊಡೆದು, ಕಾಲಿನಿಂದ ಒದ್ದು ನೋಡಿದರು. ಅಲುಗಲಿಲ್ಲ. ಹದಿನಾರು ತಿಂಗಳು ಆ ಜಾಗದಲ್ಲಿ ತೊಟ್ಟಿ ಬೀಳಲಿಲ್ಲ. ಅದು ನನ್ನ ಕೆಲಸವೆಂದು ಕ್ಯಾಪ್ಟನ್ ಆಮೇಲೆ ಒಂದು ಸಲ ಮೆಚ್ಚಿ ತಲೆಯಾಡಿಸಿದ್ದುಂಟು.

ಮೇಲೆ ಬಂದ ಮೇಲೆ ಬಾಗಿಲಲ್ಲಿ ಎಲ್ಲರನ್ನೂ ತಡಕಿ ನೋಡುತ್ತಾರೆ, ಚಿನ್ನದ ಕಲ್ಲು ಕದ್ದು ತಂದಿರಬಹುದೆಂದು. ಮಾವ ಇದಕ್ಕೆ ಖಂಡಿತ ಜಗಳ ತೆಗೆಯುತ್ತಾರೆ ಎಂದು ನಾನು ಬೆಳಿಗ್ಗೆಯಿಂದ ಹೆದರಿದ್ದೆ. ಅವರು ಎರಡೂ ಕೈ ಮೇಲೆತ್ತಿ ಸುಮ್ಮನೆ ನಿಂತರು. ಕಾವಲಿನವನು ಎಲೆಯಡಿಕೆಯ ಚೀಲ ಬಿಚ್ಚಿದ, ಸುಣ್ಣದ ಡಬ್ಬಿ ತೆಗೆದು ನೋಡಿದ, ಪೇಟ ಬಿಚ್ಚಿಸಿದ. ಮಾವ ಅದಕ್ಕೂ ತಲೆ ಬಗ್ಗಿಸಿದರು. ಬೆಳಿಗ್ಗೆ ನಾನು ಹೇಳಿದಾಗ ಒಪ್ಪದಿದ್ದದ್ದಕ್ಕೆ ಅವನು ಹೇಳಿದಾಗ ಒಪ್ಪಿದರು. ಆಗ ನನಗೆ ಅವರ ಬಗ್ಗೆ ಚಿಂತೆಯಾಯಿತು.

ಸ್ಟೇಷನ್ನಿನವರೆಗೆ ಜೊತೆಗೆ ಹೋದೆ. ಮೇಲಿನ ಸ್ಟೇಷನ್ನು, ಚಾಂಪಿಯನ್ನು. ಗಾಡಿ ಬರುವುದಕ್ಕೆ ಹೊತ್ತಿತ್ತು. ಬಿಸಿಲಲ್ಲಿ ಬೆಂಚಿನ ಮೇಲೆ ಕೂತೆವು. ಈ ಸಲ ಕೂತ್ಕೋ ಎಂದರು. "ನೋಡಿದ್ರಲ್ಲಾ ಮಾವ" ಎಂದೆ. "ನಾನು ಏಳಿದ್ದು ನಿಜ ತಾನೆ?"

"ನಿಜ" ಎಂದರು. ಪೇಟವನ್ನು ಮತ್ತೆ ಸುತ್ತಿಕೊಳ್ಳುತ್ತಾ ಹೇಳಿದರು. "ಸುಳ್ಳಾಗಿದ್ರೆ ಚೆನ್ನಾಗಿತ್ತು. ಸುಳ್ಳು ಏಳ್ದೋನ್ಗೆ ಎಲ್ಡು ಬೈದು ಉಡುಗೀನ ಕಳಿಸ್ಬೋದು. ನೀವು ನಿಜಾನೇ ಏಳ್ಬಿಟ್ರಿ. ಎಂಗಪ್ಪಾ ಕಳ್ಸಲಿ?"

ಗಾಡಿ ಬಂತು. ಅವರು ಹತ್ತಿದರು. ನಾನು ಜೀವಮಾನದಲ್ಲಿ ಒಂದೇ ಸಲ ಸಂಪೂರ್ಣ ನಿಜ ಹೇಳಿ, ಅದನ್ನು ಸಾಬೀತು ಮಾಡಿ ತೋರಿಸಿ, ಅದರಿಂದ ಹೆಂಡತಿಯನ್ನು ಕಳೆದುಕೊಂಡೆ ಎಂದುಕೊಂಡು ಮನೆಗೆ ಬಂದೆ. ಹೊಸ ಬಿಂದಿಗೆಯಲ್ಲಿ ನೀರು ತುಂಬಿಡುವುದನ್ನೂ ಬಿಟ್ಟೆ. ಶ್ರಾವಣ ಬಂತು. ಒಳ್ಳೆಯ ದಿನಗಳು ಒಂದೊಂದಾಗಿ ಬಂದು, ನನ್ನ ಮನೆಯ ಬಾಗಿಲು ನೋಡಿ ಮುಂದಕ್ಕೆ ಹೋದವು.

ಎರಡನೆಯ ಶುಕ್ರವಾರ ಶಿಫ್ಟು ಮುಗಿಸಿ ಬಂದರೆ ಮನೆಯ ಜಗಲಿಯ ಮೇಲೆ ಮಾವ ಕೂತಿದ್ದರು. ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ. ಒಳಗೆ ಹೊಗೆ ಕಾಣುತ್ತಿತ್ತು. ಬಾಗಿಲಿಗೆ ನಾನು ಬೀಗ ಹಾಕುತ್ತಿರಲಿಲ್ಲ, ಕದಿಯುವಂಥದ್ದು ಬಿಂದಿಗೆ ಒಂದೇ ಇತ್ತು. ಅತ್ತೆಯೂ ಲಕ್ಷ್ಮೀದೇವಿಯೂ ಸೇರಿ ಒಲೆ ಹಚ್ಚಿದ್ದರು. "ಇವ್ಳೇ ಅಟ ಮಾಡಿ ಒಂಟ್ಳು" ಎಂದರು ಮಾವ ಕ್ಷಮೆ ಕೇಳುವವರ ಹಾಗೆ. "ನಾನು ಎಲ್ಲಾ ಏಳ್ದೆ, ಕಲ್ಲು ಬಿದ್ದಿದ್ದೂ ಏಳ್ದೆ. ಕೇಳಾಕಿಲ್ಲ."

ಅವರೆಲ್ಲ ಹೋದ ಮೇಲೆ ಅವಳನ್ನು ಕೇಳಿದೆ. "ನಿಂಗೆ ಎದ್ರಿಕೆ ಇಲ್ವಾ?"

"ಐತೆ" ಎಂದಳು. ಪಾತ್ರೆಗಳನ್ನು ಅಟ್ಟದ ಮೇಲೆ ಜೋಡಿಸುತ್ತಿದ್ದವಳು ತಿರುಗಿ ನೋಡಲಿಲ್ಲ. "ಅಲ್ಲಿ ಕುಂತ್ರೂ ಎದ್ರಿಕೆನೇ, ಇಲ್ಲಿ ಕುಂತ್ರೂ ಎದ್ರಿಕೆನೇ. ಇಲ್ಲಾದ್ರೆ ಬೇಗ್ನೆ ತಿಳೀತದೆ."

ಹೊಸದಾಗಿ ಮದುವೆಯಾದವರು ಮೊದಲ ದಿನ ಏನೇನು ಮಾತಾಡುತ್ತಾರೆಂದು ನಾನು ಕೇಳಿ ತಿಳಿದಿದ್ದೆ. ಇಂಥದ್ದನ್ನು ಯಾರೂ ಹೇಳಿರಲಿಲ್ಲ. ಬಿಂದಿಗೆ ತೆಗೆದುಕೊಂಡು ನೀರಿಗೆ ಹೋದೆ.

ಅವಳ ಜೊತೆಗೆ ಇನ್ನೊಂದು ವಸ್ತು ಬಂದಿತ್ತು. ಅದು ಮಾವ ಬರೆದುಕೊಟ್ಟ ಒಂದು ಚೀಟಿ. ಶಿಫ್ಟು ಮುಗಿಯುವುದು ಎರಡು ಗಂಟೆಗೆ. ಕೇಜಿನ ಸರದಿ ಕಾಯುವುದು ಇಷ್ಟು. ಮೇಲೆ ಬರುವುದು ನಾಲ್ಕು ನಿಮಿಷ. ದೀಪ ವಾಪಸು ಕೊಡುವುದು, ತಡಕಿಸಿಕೊಳ್ಳುವುದು, ನಡೆದು ಬರುವುದು. ಒಟ್ಟಿನಲ್ಲಿ ಎರಡು ಗಂಟೆ ನಲವತ್ತೈದು ನಿಮಿಷಕ್ಕೆ ಮನೆ. ನಾನಾದರೋ ಮದುವೆಗೆ ಮೊದಲು ಶಿಫ್ಟು ಮುಗಿದ ಮೇಲೆ ಗೆಳೆಯರ ಜೊತೆ ಹೋಟೆಲಿನಲ್ಲಿ ಕೂತು, ಒಂದು ಕಾಫಿಯನ್ನು ಒಂದು ಗಂಟೆ ಕುಡಿಯುವ ಅಭ್ಯಾಸದವನು. ಎರಡು ವಾರ ಚೀಟಿಯಂತೆ ನಡೆದೆ. ಮೂರನೆಯ ವಾರ ಒಂದು ದಿನ ಹೋಟೆಲಿಗೆ ಹೋದೆ. ಯಾರೋ ಬೆಂಗಳೂರಿನಲ್ಲಿ ನೋಡಿ ಬಂದ ಸಿನಿಮಾದ ಕಥೆ ಹೇಳುತ್ತಿದ್ದರು. ನಾಯಕಿಯನ್ನು ಖಳನಾಯಕ ಹೊತ್ತುಕೊಂಡು ಹೋಗಿದ್ದ. ಅವಳನ್ನು ಹಾಗೆ ಬಿಟ್ಟು ಏಳುವುದು ನನಗೆ ಸರಿ ಕಾಣಲಿಲ್ಲ.

ಮೂರೂವರೆಗೆ ಮನೆಗೆ ಬಂದೆ. ಒಲೆಯ ಮೇಲೆ ಸಾರಿತ್ತು, ಬಾಗಿಲು ತೆರೆದಿತ್ತು, ಅವಳಿರಲಿಲ್ಲ. ಪಕ್ಕದ ಮನೆಯವರು ಗಣಿಯ ಕಡೆಗೆ ಕೈ ತೋರಿಸಿದರು. ಓಡಿದೆ. ಗಣಿಯ ಬಾಗಿಲ ಹೊರಗೆ ಒಂದು ಬೇಲಿಯಿತ್ತು. ಒಳಗೆ ಏನಾದರೂ ಆದಾಗ ಹೆಂಗಸರೆಲ್ಲ ಬಂದು ನಿಲ್ಲುವ ಜಾಗ ಅದು. ಅವತ್ತು ಏನೂ ಆಗಿರಲಿಲ್ಲ. ಆದ್ದರಿಂದ ಲಕ್ಷ್ಮೀದೇವಿ ಒಬ್ಬಳೇ ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಹಗ್ಗದ ಹಾಗೆ ಮಾಡಿದ್ದಳು. ನಾನು ಹಿಂದಿನಿಂದ ಹೋಗಿ ನಿಂತೆ. ತಿರುಗಿ ನೋಡಿದಳು. ಒಂದು ಸಲ ಉಸಿರೆಳೆದುಕೊಂಡಳು.

"ಕಾಫಿ ಕುಡುದ್ರಾ?" ಎಂದಳು.

"ಊಂ" ಎಂದೆ.

"ನಡೀರಿ, ಸಾರು ಆರೋಗಿರ್ತದೆ" ಎಂದು ಮುಂದೆ ಹೊರಟಳು. ಅವಳು ಬೈದಿದ್ದರೆ ನಾನು ಆ ಕಾಫಿಯನ್ನು ಇಷ್ಟು ವರ್ಷ ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ. ಆ ನಾಯಕಿ ಕೊನೆಗೆ ಬಿಡಿಸಿಕೊಂಡು ಬಂದಳೋ ಇಲ್ಲವೋ, ಅದನ್ನೂ ನಾನು ಆಮೇಲೆ ಯಾರನ್ನೂ ಕೇಳಲಿಲ್ಲ.

ಮರುದಿನದಿಂದ ನನ್ನಷ್ಟು ಚುರುಕಾಗಿ ಮನೆಗೆ ಹೋಗುವವನು ಚಾಂಪಿಯನ್ ರೀಫ್ಸಿನಲ್ಲಿ ಇರಲಿಲ್ಲ. ಪೆರುಮಾಳನಿಗೆ ಹೇಳಿ ಮೊದಲ ಕೇಜಿಗೆ ಸೇರಿಕೊಳ್ಳುತ್ತಿದ್ದೆ, ತಡಕುವವರ ಮುಂದೆ ನಾನಾಗಿಯೇ ಜೇಬು ಹೊರಗೆಳೆದು ನಿಲ್ಲುತ್ತಿದ್ದೆ. ಎರಡು ನಲವತ್ತಕ್ಕೇ ಹೊಸ್ತಿಲ ಮೇಲಿರುತ್ತಿದ್ದೆ. ಇದನ್ನು ಯಾರಾದರೂ ಹೊಗಳಲಿ ಎಂಬ ಆಸೆ ನನಗಿತ್ತು. ದೀಪಾವಳಿಗೆ ಮಾವ ಬಂದಾಗ, ನನ್ನ ಎದುರಿಗೇ ಮಗಳನ್ನು ಕೇಳಿದರು: "ಟೈಮಿಗೆ ಸರಿಯಾಗಿ ಬತ್ತಾರಾ?"

"ಐದು ನಿಮಿಷ ಮುಂಚೇನೆ ಬತ್ತಾರೆ" ಎಂದಳು ಲಕ್ಷ್ಮೀದೇವಿ. ನಾನು ನೆಟ್ಟಗೆ ಕೂತೆ.

ಮಾವನ ಮುಖ ಗಂಭೀರವಾಯಿತು. ಕೈಲಿದ್ದ ಒಬ್ಬಟ್ಟನ್ನು ತಟ್ಟೆಗೆ ಇಟ್ಟರು. "ಅದು ತಪ್ಪು" ಎಂದರು. "ಗಾಡಿ ಲೇಟಾಗಿ ಬರೋದೂ ತಪ್ಪೇ, ಟೈಮಿಗೆ ಮುಂಚೆ ಬರೋದೂ ತಪ್ಪೇ. ಪಾಯಿಂಟು ತಿರುಗ್ಸೋಕೆ ಮುಂಚೆ ಒಳೀಕೆ ನುಗ್ಗಿದ್ರೆ ಏನು ಗತಿ? ಊರಾಚೆ ಔಟರ್ ಸಿಗ್ನಲ್ನಾಗೆ ನಿಂತ್ಕೋಬೇಕು. ಸಿಗ್ನಲ್ ಕೈ ಬಿದ್ಮೇಲೆ ಬರ್ಬೇಕು."

ಅಡುಗೆಮನೆಯಲ್ಲಿ ಅವಳು ನಕ್ಕ ಸದ್ದು ಕೇಳಿಸಿತು. ಈ ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನನಗೆ ಅಷ್ಟು ಸಾಕಾಯಿತು. ಅಂದಿನಿಂದ ಎಷ್ಟೋ ವರ್ಷ, ಶಿಫ್ಟು ಮುಗಿಸಿ ಬಂದವನು ನಮ್ಮ ಬೀದಿಯ ತಿರುವಿನಲ್ಲಿದ್ದ ಹುಣಸೆ ಮರದ ಕೆಳಗೆ ನಿಲ್ಲುತ್ತಿದ್ದೆ. ಅಕ್ಕಪಕ್ಕದವರು ಯಾಕೆ ನಿಂತಿದ್ದೀರಿ ಎಂದು ಕೇಳುತ್ತಿದ್ದರು. ನೆರಳಿಗೆ ಎನ್ನುತ್ತಿದ್ದೆ, ಮೋಡ ಮುಚ್ಚಿದ ದಿನವೂ. ನಮ್ಮ ಮನೆಯ ಕಿಟಕಿ ಅಲ್ಲಿಂದ ಕಾಣುತ್ತಿತ್ತು. ಎರಡು ನಲವತ್ತೈದಕ್ಕೆ ಲಕ್ಷ್ಮೀದೇವಿಯ ಕೈ ಅದರ ಒಂದು ಬಾಗಿಲನ್ನು ತೆರೆಯುತ್ತಿತ್ತು. ಆಮೇಲೆ ನಾನು ಹೊರಡುತ್ತಿದ್ದೆ.